ಮೈಲಿಗೊಂದು ಕಂಬಳಿ

ಅವರು ತೀರಿಕೊಂಡರು ಎಂದು ಫೋನಿನಲ್ಲಿ ಕೇಳಿ, ಅಡುಗೆಮನೆಗೆ ಬಂದು ಹೇಳಿದೆ. ನನ್ನ ಹೆಂಡತಿ ಮೊದಲು ಕೇಳಿದ ಮಾತು, "ನಡೀತಿದ್ದಾಗ್ಲಾ?"

"ಇಲ್ಲ. ಗದಗಿನಲ್ಲಿ, ತಮ್ಮನ ಮನೇಲಿ. ಮಧ್ಯಾಹ್ನ ಊಟ ಮಾಡಿ ಆರಾಮಕುರ್ಚೀಲಿ ಕೂತಿದ್ರಂತೆ."

"ಅದಕ್ಕೇ ಆಗಿದ್ದು," ಎಂದಳು. "ಕೂತ್ಕೋಬಾರ್ದಾಗಿತ್ತು ಅವ್ರು." ಆಮೇಲೆ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಡೆಟ್ರಾಯಿಟ್‌ಗೆ ಬಂದದ್ದು ಅರವತ್ತೊಂಬತ್ತರಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ. ಮೊದಲ ದಿನವೇ ಮೇಲಧಿಕಾರಿ ಹೇಳಿದ: "ಬ್ರೇಕ್ ವಿಭಾಗದಲ್ಲಿ ನಿಮ್ಮ ದೇಶದವನೊಬ್ಬ ಇದ್ದಾನೆ. ಗುರುತು ಹಿಡಿಯೋದು ಸುಲಭ. ಪಾರ್ಕಿಂಗ್ ಲಾಟ್‌ಗೆ ಕಾರಿಲ್ಲದೆ ಬರುವವನು ಅವನೊಬ್ಬನೇ."

ಮಾರನೆಯ ಬೆಳಿಗ್ಗೆ ಕಂಡರು. ಸಾವಿರಾರು ಕಾರುಗಳ ನಡುವೆ ಒಂದು ಮಂಕಿ ಕ್ಯಾಪು ತೇಲುತ್ತ ಬರುತ್ತಿತ್ತು. ಅದರ ಕೆಳಗೆ ಕುಳ್ಳನೆಯ ಮನುಷ್ಯ. ಹೊಟ್ಟೆ ಒಂದು ಹೆಜ್ಜೆ ಮುಂದೆ, ಅವರು ಒಂದು ಹೆಜ್ಜೆ ಹಿಂದೆ. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಊಟದ ಡಬ್ಬಿ. ನಲವತ್ತರ ಹತ್ತಿರದ ವಯಸ್ಸು. ನನ್ನನ್ನು ನೋಡಿದವರೇ, "ಮೈಸೂರು ಕಡೇವ್ರೇನ್ರಿ?" ಎಂದರು.

"ಹೌದು ಸರ್. ಹೇಗೆ ಗೊತ್ತಾಯ್ತು?"

"ನಿಂತ ರೀತಿ ನೋಡಿ. ನಮ್ಮ ಕಡೆಯವ್ರು ಇಷ್ಟು ಥಂಡಿಯೊಳಗ ಹಿಂಗ ಸೌಜನ್ಯದಿಂದ ನಿಂದ್ರೂದಿಲ್ಲ."

ಅಂದಿನಿಂದ ನಾನು ಅವರ ಬಾಯಲ್ಲಿ 'ಮೈಸೂರು' ಆದೆ. ನಾನು ಅವರನ್ನು 'ರಾಯರೇ' ಎನ್ನುತ್ತಿದ್ದೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವರು ಇಂಗ್ಲಿಷ್ ಆಡಿದರೂ ನನಗೆ ಕೇಳಿಸುತ್ತಿದ್ದದ್ದು ಗದಗಿನ ಕನ್ನಡವೇ. ಆದ್ದರಿಂದ ಅವರು ಯಾರ ಜೊತೆ ಯಾವ ಭಾಷೆಯಲ್ಲಿ ಮಾತಾಡಿದರೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಡೆಟ್ರಾಯಿಟ್‌ನಲ್ಲಿ ಕಾರಿನ ಬ್ರೇಕ್ ಮಾಡುವ ಎಂಜಿನಿಯರ್‌ಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಪ್ರಯತ್ನ ಮಾಡಲಿಲ್ಲವೆಂದಲ್ಲ. ನಾಲ್ಕು ಸಲ ಡ್ರೈವಿಂಗ್ ಟೆಸ್ಟಿಗೆ ಹೋಗಿ ನಾಲ್ಕು ಸಲವೂ ಫೇಲಾಗಿದ್ದರು. ಮೂರನೆಯ ಸಲ ರಸ್ತೆಯ ನಡುವೆ ಒಂದು ಅಳಿಲು ಬಂತಂತೆ. ಇವರು ಬ್ರೇಕ್ ಹಾಕಿದರು. ಅಳಿಲು ಅತ್ತ ಹೋಗುವುದೋ ಇತ್ತ ಹೋಗುವುದೋ ತೀರ್ಮಾನಿಸದೆ ಕೂತುಬಿಟ್ಟಿತು. ಇವರೂ ಕೂತರು. ಹಿಂದೆ ಹನ್ನೊಂದು ಕಾರು ನಿಂತವು. ಪರೀಕ್ಷಕ ಹಾರ್ನ್ ಮಾಡು ಎಂದಾಗ, "ಅದು ವಿಚಾರ ಮಾಡಾಕತ್ತದ, ಗಡಬಡಿಸಬಾರದು" ಎಂದರಂತೆ. ನಾಲ್ಕನೆಯ ಸಲ ಅದೇ ಪರೀಕ್ಷಕ ಇವರನ್ನು ನೋಡಿ ತಾನೇ ರಜೆ ಹಾಕಿ ಹೋದನೆಂದು ಅವರೇ ಹೇಳುತ್ತಿದ್ದರು. ಅದು ನಿಜವಿರಲಾರದು. ಆದರೆ ಅವರ ಕಥೆಗಳಲ್ಲಿ ನಿಜವಿರಲಾರದ ಭಾಗವೇ ಚೆನ್ನಾಗಿರುತ್ತಿತ್ತು.

ಮನೆಯಿಂದ ಆಫೀಸಿಗೆ ಮೂರು ಮೈಲಿ. ಆ ದಾರಿಯಲ್ಲಿ ಮನುಷ್ಯರು ನಡೆಯುತ್ತಾರೆಂದು ಯಾರೂ ಎಣಿಸಿರಲಿಲ್ಲವಾದ್ದರಿಂದ ಕಾಲುದಾರಿಯೇ ಇರಲಿಲ್ಲ. ಚಳಿಗಾಲದಲ್ಲಿ ಪೊಲೀಸರು ಕಾರು ನಿಲ್ಲಿಸಿ, "ನಿನ್ನ ಕಾರು ಎಲ್ಲಿ ಕೆಟ್ಟಿತು?" ಎಂದು ಕೇಳುತ್ತಿದ್ದರು. ಇವರಿಗೆ ಕಾರೇ ಇಲ್ಲವೆಂಬುದನ್ನು ನಂಬಿಸುವುದಕ್ಕಿಂತ ಹಿಂದಿನ ಸೀಟಿನಲ್ಲಿ ಕೂರುವುದು ಸುಲಭವಾಗಿತ್ತು. ವಾರಕ್ಕೆರಡು ಸಲ ಪೊಲೀಸ್ ಕಾರಿನಿಂದ ಇವರು ಇಳಿಯುವುದನ್ನು ನೋಡಿ, ನಮ್ಮ ಆಫೀಸಿನ ಟೈಪಿಸ್ಟ್ ಹೆಂಗಸು ಇವರೊಡನೆ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದಳು.

ಮದುವೆಯಾಗಿರಲಿಲ್ಲ. ನನ್ನ ಹೆಂಡತಿ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಳು. ಅವರು ಹಪ್ಪಳ ಮುರಿಯುತ್ತ, "ಹುಡುಗಿ ನೋಡಾಕ ನಡಕೋತ ಹೋದೆ ತಂಗೀ. ಮುಟ್ಟೂದ್ರಾಗ ಆಕೀದು ಲಗ್ನ ಮುಗದಿತ್ತು. ಊಟಾ ಭಾಳ ಛಲೋ ಇತ್ತು," ಎಂದರು.

ಎಪ್ಪತ್ತಮೂರರಲ್ಲಿ ಅವರು ಶಿಕಾಗೋಗೆ ಹೋದರು. ರೈಲಿನ ಬ್ರೇಕ್ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. "ಅಲ್ಲಿ ಬಸ್ ಅದಾವ, ರೈಲ್ ಅದಾವ, ಮಂದಿ ನಡೀತಾರ. ಇಲ್ಲಿ ನನಗ ಮಾತಾಡಾಕ ಪೊಲೀಸರಷ್ಟೇ," ಎಂದು ಬಟ್ಟೆ ಚೀಲ ಹಿಡಿದು ಬಸ್ಸು ಹತ್ತಿದರು. ಹೋದ ಮೇಲೆ ಹಬ್ಬಕ್ಕೊಂದು ಕಾಗದ ಬರುತ್ತಿತ್ತು, ಅಷ್ಟೇ.

ನಮ್ಮ ಮಗಳ ಹೃದಯದಲ್ಲಿ ತೂತಿದೆ ಎಂದು ಗೊತ್ತಾದಾಗ ಅವಳಿಗೆ ನಾಲ್ಕು ವರ್ಷ. ಎಪ್ಪತ್ತೈದರ ಅಕ್ಟೋಬರ್. ಆಪರೇಷನ್ ಮಾಡಬಲ್ಲ ಡಾಕ್ಟರು ಶಿಕಾಗೋದಲ್ಲಿದ್ದರು. ಮೂರು ವಾರವಾದರೂ ಇರಬೇಕಾಗುತ್ತದೆ ಎಂದರು. ನಾನೂ ನನ್ನ ಹೆಂಡತಿಯೂ ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆವು. ಮಗುವನ್ನು ಒಳಗೆ ಸೇರಿಸಿಕೊಂಡ ಮೇಲೆ ನಮಗೆ ಮೊದಲ ಬಾರಿಗೆ ಹೊಳೆಯಿತು, ನಾವಿಬ್ಬರು ಎಲ್ಲಿರಬೇಕು ಎಂದು. ಹತ್ತಿರದ ಹೋಟೆಲಿನ ಬಾಡಿಗೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಎಟುಕುವ ಮೋಟೆಲು ಇಪ್ಪತ್ತು ಮೈಲಿ ದೂರ, ಎಕ್ಸ್‌ಪ್ರೆಸ್‌ವೇ ಪಕ್ಕ. ಅಷ್ಟು ದೂರ ಹೋಗಲು ನನ್ನ ಹೆಂಡತಿ ಒಪ್ಪಲಿಲ್ಲ. ವಾರ್ಡಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅಲ್ಲೇ ಎರಡು ದಿನ ಕಳೆದೆವು.

ಮೂರನೆಯ ದಿನ ಬೆಳಿಗ್ಗೆ ಕಾರಿಡಾರಿನ ತುದಿಯಲ್ಲಿ ಆ ಹೊಟ್ಟೆ ಕಾಣಿಸಿತು. ನಾನು ಅವರಿಗೆ ತಿಳಿಸಿರಲಿಲ್ಲ. ಡೆಟ್ರಾಯಿಟ್ ಗೆಳೆಯರು ಯಾರೋ ಫೋನ್ ಮಾಡಿದ್ದರು. ನಮ್ಮ ಮುಂದೆ ಡಬ್ಬಿ ಬಿಚ್ಚಿಟ್ಟು, ಜೇಬಿನಿಂದ ಒಂದು ಚಾವಿ ತೆಗೆದು ನನ್ನ ಹೆಂಡತಿಯ ಕೈಯಲ್ಲಿ ಇಟ್ಟರು.

"ಇಲ್ಲಿಂದ ಹದಿನೈದು ನಿಮಿಷ ನಡದ್ರ ನನ್ನ ಖೋಲಿ. ತಂಗೀ, ಸ್ನಾನಾ ಮಾಡು, ಮಲಕೋ. ನಿನ್ನ ಗಂಡಗೂ ಸ್ವಲ್ಪ ಸ್ನಾನಾ ಮಾಡಸು."

"ನೀವೆಲ್ಲಿ ಇರ್ತೀರಿ ಅಣ್ಣಾ?"

"ಊರ ಹೊರಗ ಇಟಾಸ್ಕಾದಾಗ ಒಬ್ರು ಗೆಳೆಯರದಾರ. ಅಲ್ಲಿಂದ ರೈಲ್ ಅದ. ನನಗೂ ಗಾಳಿ ಬದಲಾಗ್ತದ."

ಸ್ಟೇಷನ್ನಿನಿಂದ ಆ ಗೆಳೆಯರ ಮನೆಗೆ ಕಾರಿನಲ್ಲೇ ಹೋಗಬೇಕಿತ್ತು, ಆ ಗೆಳೆಯರು ಬಹಳ ಜೋರಾಗಿ ಓಡಿಸುತ್ತಿದ್ದರು, ಮೂರು ವಾರ ದಿನಕ್ಕೆರಡು ಸಲ ರಾಯರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು ಎಂಬುದು ನಮಗೆ ಎಷ್ಟೋ ದಿನದ ಮೇಲೆ ಗೊತ್ತಾಯಿತು.

ಆ ಆಸ್ಪತ್ರೆಯ ಪಾರ್ಕಿಂಗ್ ಲಾಟನ್ನು ನಡೆದು ದಾಟುತ್ತಿದ್ದವರು ಇವರೊಬ್ಬರೇ ಆದ್ದರಿಂದ, ವಾಲ್ಟರ್‌ನನ್ನು ಮೊದಲು ಕಂಡವರೂ ಇವರೇ. ವಾಲ್ಟರ್ ಇಲಿನಾಯ್ ರಾಜ್ಯದ ದಕ್ಷಿಣದ ಒಬ್ಬ ರೈತ, ಆರಡಿ ಎತ್ತರದ ಆಸಾಮಿ. ಏಳು ವರ್ಷದ ಮಗ ಡ್ಯಾನಿಗೆ ರಕ್ತದ ಕ್ಯಾನ್ಸರ್. ಹೆಂಡತಿ ಮಗನ ಹತ್ತಿರ ಕುರ್ಚಿಯಲ್ಲಿ, ಇವನು ತನ್ನ ಟ್ರಕ್ಕಿನ ಸೀಟಿನಲ್ಲಿ, ಹೀಗೆ ಹನ್ನೆರಡು ದಿನ ಕಳೆದಿದ್ದರು. ರಾಯರು ಟ್ರಕ್ಕಿನ ಕಿಟಕಿ ತಟ್ಟಿ ಎಬ್ಬಿಸಿ, ನಮ್ಮ ಜೊತೆಗೆ ಅವರಿಬ್ಬರನ್ನೂ ಆ ಒಂದೇ ಖೋಲಿಗೆ ತಂದು ತುಂಬಿದರು. ಹೆಂಗಸರಿಗೆ ಮಂಚ, ಗಂಡಸರಿಗೆ ಅಡುಗೆಮನೆಯ ನೆಲ. ವಾಲ್ಟರ್ ಕಾಲು ಚಾಚಿದರೆ ಫ್ರಿಜ್ ತೆಗೆಯಲು ಬರುತ್ತಿರಲಿಲ್ಲ.

ಮೊದಲ ಬೆಳಿಗ್ಗೆ ರಾಯರು ಬಂದು ಉಪ್ಪಿಟ್ಟು ಮಾಡಿದರು. ವಾಲ್ಟರ್ ತಟ್ಟೆಯನ್ನೇ ನೋಡುತ್ತ, "ಇದು ಜೋಳದ್ದಾ?" ಎಂದ.

"ಅಲ್ಲ, ಗೋಧೀದು. ಜೋಳಾ ಬೆಳಿಯೂದು ನಮ್ಮೂರಾಗ. ನೀವು ಬೆಳಿಯೂದು ಖರೇ ಜೋಳಾ ಅಲ್ಲ. ಅದಕ್ಕ ನಾವು ಗೋವಿನ ಜೋಳಾ ಅಂತೀವಿ, ದನಾ ತಿಂತಾವ."

ನನಗೆ ಗಾಬರಿಯಾಯಿತು. ವಾಲ್ಟರ್ ಮಾತ್ರ ಗಂಭೀರವಾಗಿ, "ನಾವೂ ಮುಕ್ಕಾಲು ಪಾಲು ದನಕ್ಕೇ ಹಾಕೋದು," ಎಂದ. ಆಮೇಲೆ ನಕ್ಕ. ಅವನ ಹೆಂಡತಿ ಅವನನ್ನೇ ನೋಡಿದಳು. ಆ ನಗು ಕೇಳಿ ಅವಳಿಗೆ ಬಹಳ ದಿನವಾಗಿತ್ತೆಂದು ನಮಗೆಲ್ಲ ತಿಳಿಯಿತು.

ಮಗಳ ಆಪರೇಷನ್ ದಿನ ಬೆಳಿಗ್ಗೆ ಏಳಕ್ಕೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಐದಾರು ಗಂಟೆ ಎಂದಿದ್ದರು. ನಾನು ಬಾಗಿಲನ್ನೇ ನೋಡುತ್ತ ಕೂತಿದ್ದೆ. ರಾಯರು ನನ್ನ ರಟ್ಟೆ ಹಿಡಿದರು.

"ಏಳ್ರಿ ಮೈಸೂರು. ಕೂತ್ರ ಹುಚ್ಚು ಹಿಡೀತದ."

"ಬಿಟ್ಟು ಹೇಗೆ ಬರ್ಲಿ ರಾಯರೇ?"

"ಬಿಟ್ಟು ಎಲ್ಲಿ ಹೋಗ್ತೀರಿ? ಸುತ್ತ ತಿರಗೂದು. ತಂಗಿ ಇಲ್ಲೇ ಇರ್ತಾಳ. ಏನರ ಸುದ್ದಿ ಬಂದ್ರ ನರ್ಸ್ ಮೆಟ್ಟಲಿಗೆ ಬಂದು ಕೂಗತಾಳ. ಹೇಳೇನಿ."

ಆಸ್ಪತ್ರೆಯ ಬ್ಲಾಕಿನ ಸುತ್ತ ನಡೆದೆವು. ಒಂದು ಸುತ್ತು ಅಳಿಲಿನ ಕಥೆ. ಒಂದು ಸುತ್ತು ಪೊಲೀಸರ ಕಥೆ. ನನಗೆ ಯಾವುದೂ ಕಿವಿಗೆ ಹೋಗುತ್ತಿರಲಿಲ್ಲ, ಆದರೆ ಕಾಲು ನಡೆಯುತ್ತಿತ್ತು. ಪ್ರತಿ ಸುತ್ತಿಗೂ ಮುಂಬಾಗಿಲಿನ ಮೆಟ್ಟಿಲು ಬಂದಾಗ ಅವರು ಮಾತು ನಿಲ್ಲಿಸುತ್ತಿದ್ದರು. ಅಲ್ಲಿ ಯಾರೂ ಇಲ್ಲವೆಂದು ನೋಡಿ ಕಥೆಯನ್ನು ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. ಎಷ್ಟೋ ಸುತ್ತಾದ ಮೇಲೆ ಮೆಟ್ಟಿಲ ಮೇಲೆ ನನ್ನ ಹೆಂಡತಿಯೇ ನಿಂತಿದ್ದಳು. ಎರಡೂ ಕೈ ಎತ್ತಿ ಬೀಸುತ್ತಿದ್ದಳು. ನಾನು ಓಡಿದೆ. ರಾಯರು ಓಡಲಿಲ್ಲ. ಅಲ್ಲೇ ರಸ್ತೆಯಂಚಿನ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಅವರು ರಸ್ತೆಯಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾವು ನವೆಂಬರಿನಲ್ಲಿ ಮಗಳೊಡನೆ ಡೆಟ್ರಾಯಿಟ್‌ಗೆ ಮರಳಿದೆವು. ಡ್ಯಾನಿ ಡಿಸೆಂಬರಿನಲ್ಲಿ ತೀರಿಕೊಂಡ. ನಮ್ಮ ಮಗಳಿಗೆ ಅವನು ಆಸ್ಪತ್ರೆಯ ಆಟದ ಕೋಣೆಯಲ್ಲಿ ಇಸ್ಪೀಟಾಟ ಕಲಿಸಿದ್ದ. ಆ ಸುದ್ದಿಯನ್ನು ರಾಯರು ಫೋನ್ ಮಾಡಿ ಹೇಳಿದರು. ದೂರದ ಕರೆಯ ಖರ್ಚು ಬಲ್ಲ ಮನುಷ್ಯ, ಆದರೂ ಹೇಳಿಯಾದ ಮೇಲೂ ಫೋನ್ ಇಡಲಿಲ್ಲ.

ವಸಂತದಲ್ಲಿ ಒಂದು ಕಾಗದ ಬಂತು. ಆಸ್ಪತ್ರೆಯ ಹತ್ತಿರ ಒಂದು ಹಳೆಯ ಮರದ ಮನೆಯನ್ನು ಕೆಲವು ತಂದೆತಾಯಿಯರೂ ನರ್ಸುಗಳೂ ಸೇರಿ ಬಾಡಿಗೆಗೆ ಹಿಡಿದಿದ್ದರು. ಊರ ಹೊರಗಿನಿಂದ ಬಂದವರು ಮಗು ಗುಣವಾಗುವ ತನಕ ಅಲ್ಲಿ ಇರಬಹುದು. ಮನೆ ಸಿಕ್ಕಿತ್ತು, ಮನೆಯೊಳಗೆ ಏನೂ ಇರಲಿಲ್ಲ. ಅದಕ್ಕಾಗಿ ಮೇ ತಿಂಗಳಲ್ಲಿ ಒಂದು ನಡಿಗೆ. ಆಸ್ಪತ್ರೆಯ ಮುಂದಿನಿಂದ ಉತ್ತರಕ್ಕೆ ಎವನ್‌ಸ್ಟನ್ ತನಕ ಹತ್ತು ಮೈಲಿ, ವಾಪಸು ಹತ್ತು ಮೈಲಿ. ನಡೆಯುವವರು ಮೊದಲೇ ನೆಂಟರಿಷ್ಟರ ಹತ್ತಿರ ಮೈಲಿಗಿಷ್ಟು ಎಂದು ಮಾತು ತೆಗೆದುಕೊಳ್ಳಬೇಕು. ಎಲ್ಲರೂ ನಾಲ್ಕೈದು ಮೈಲಿ ನಡೆದು ಬಸ್ಸಿನಲ್ಲಿ ಮನೆಗೆ ಹೋಗುತ್ತಾರೆ ಎಂಬುದು ಎಲ್ಲರ ಅಂದಾಜು. "ಅಮೆರಿಕಾಕ್ಕ ಬಂದ ಮ್ಯಾಲ ಮೊದಲನೇ ಸಲ ನನಗ ಬರೂ ಕೆಲಸಾ ಒಂದು ಕೇಳ್ಯಾರ. ನೀವೂ ಬರ್ರಿ," ಎಂದು ಬರೆದಿದ್ದರು.

ಶಿಕಾಗೋದ ಡೆವನ್ ಅವೆನ್ಯೂದಲ್ಲಿ ಆಗ ನಮ್ಮವರ ಅಂಗಡಿಗಳು ಒಂದೊಂದಾಗಿ ಏಳುತ್ತಿದ್ದವು. ಸೀರೆ, ಹಾಸಿಗೆ ಬಟ್ಟೆ ಮಾರುವ ಒಬ್ಬ ಗುಜರಾತಿ ಸೇಠರ ಬಳಿ ರಾಯರು ಹೋಗಿದ್ದರು. ರಾಯರ ಹಿಂದಿ ಹುಬ್ಬಳ್ಳಿ ಸ್ಟೇಷನ್ನಿನದು. ಸೇಠರು ಅವರ ಹೊಟ್ಟೆಯನ್ನು ನೋಡಿದರು, ಕಾಲನ್ನು ನೋಡಿದರು, ಮನಸ್ಸಿನಲ್ಲೇ ನಾಲ್ಕು ಮೈಲಿ ಎಂದು ಅಳೆದರು. ಬಹಳ ಉದಾರವಾಗಿ, "ಮೈಲಿಗೊಂದು ಉಣ್ಣೆಯ ಕಂಬಳಿ, ಎರಡು ಬೆಡ್‌ಶೀಟು. ಬರ್ಕೊಳ್ಳಿ!" ಎಂದರು. ರಾಯರು ಅಲ್ಲೇ ಬರೆಸಿಕೊಂಡು ಸಹಿಯನ್ನೂ ಹಾಕಿಸಿಕೊಂಡರು.

ನಡಿಗೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಇನ್ನೂರು ಜನರಿರಬಹುದು. ನನ್ನ ಹೆಂಡತಿ, ಮಗಳು ನೀರು ಹಂಚುವ ಮೇಜಿನ ಹತ್ತಿರ ನಿಂತರು. ಹೊರಡಲು ಐದು ನಿಮಿಷವಿದ್ದಾಗ ಪಾರ್ಕಿಂಗ್ ಲಾಟಿನಲ್ಲಿ ಒಂದು ಟ್ರಕ್ ಬಂದು ನಿಂತಿತು. ವಾಲ್ಟರ್ ಇಳಿದ. ಹೊಲದ ಬೂಟು, ಹೊಲದ ಟೋಪಿ. ಬಿತ್ತನೆಯ ಕಾಲ, ಹೊಲ ಬಿಟ್ಟು ಇನ್ನೂರು ಮೈಲಿ ಬಂದಿದ್ದ. ಹೆಂಡತಿ ಬಂದಿರಲಿಲ್ಲ. "ಅವಳಿಗೆ ಈ ಕಟ್ಟಡ ನೋಡೋಕಾಗಲ್ಲ," ಎಂದ. ರಾಯರು ಅವನ ಪಕ್ಕಕ್ಕೆ ಹೋಗಿ ನಿಂತರು. ಅವರ ತಲೆ ಅವನ ಭುಜಕ್ಕೂ ಮುಟ್ಟುತ್ತಿರಲಿಲ್ಲ.

ಮೊದಲ ನಾಲ್ಕು ಮೈಲಿ ಅವರಿಬ್ಬರೂ ಒಂದು ಮಾತೂ ಆಡಲಿಲ್ಲ. ಅಷ್ಟು ಹೊತ್ತು ರಾಯರು ಸುಮ್ಮನಿರಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದೆ. ಐದನೆಯ ಮೈಲಿಯಲ್ಲಿ ವಾಲ್ಟರ್ ಮುಂದೆ ನೋಡುತ್ತಲೇ, "ಡ್ಯಾನಿಗೆ ಟ್ರ್ಯಾಕ್ಟರ್ ಓಡಿಸೋಕೆ ಬರ್ತಿತ್ತು. ನನ್ನ ತೊಡೆ ಮೇಲೆ ಕೂತು. ಏಳು ವರ್ಷಕ್ಕೇ," ಎಂದ.

"ನನಗ ನಲವತ್ತಾರು. ನನಗ ಬರೂದಿಲ್ಲ," ಎಂದರು ರಾಯರು. "ನನಗಿಂತ ಶ್ಯಾಣ್ಯಾ ಇದ್ದ."

ವಾಲ್ಟರ್ ನಕ್ಕ. ನಗುತ್ತ ನಗುತ್ತ ಅಳತೊಡಗಿದ. ನಿಲ್ಲಲಿಲ್ಲ. ಅಳುತ್ತಲೇ ನಡೆದ. ರಾಯರೂ ಅವನ ಕಡೆ ತಿರುಗಿ ನೋಡದೆ, ಹೆಜ್ಜೆ ತಪ್ಪಿಸದೆ, ಪಕ್ಕದಲ್ಲೇ ನಡೆದರು. ಅಳುವ ಮನುಷ್ಯನ ಜೊತೆ ಹೇಗೆ ನಡೆಯಬೇಕೆಂದು ನಾನು ಕಲಿತದ್ದು ಅಂದು.

ಆರನೆಯ ಮೈಲಿಗೆ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ರಸ್ತೆಯಂಚಿನಲ್ಲಿ ಬೂಟು ಬಿಚ್ಚಿ ಕೂತಿದ್ದಾಗ ಒಂದು ದೊಡ್ಡ ಕಾರು ಪಕ್ಕದಲ್ಲಿ ನಿಂತಿತು. ಕಿಟಕಿಯಿಂದ ಸೇಠರ ತಲೆ ಹೊರಬಂತು. "ಆ ಕುಳ್ಳ ಎಂಜಿನಿಯರ್ ಸಾಹೇಬ್ರು ಎಲ್ಲಿ ತನಕ ಬಂದಿದಾರೆ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಮುಂದಕ್ಕೆ ಕೈ ತೋರಿಸಿದೆ. ಅವರ ಮುಖ ಸಣ್ಣದಾಯಿತು. "ಹತ್ತಿ," ಎಂದರು. ಹತ್ತಿದೆ.

ಏಳು, ಎಂಟು, ಒಂಬತ್ತು. ಎವನ್‌ಸ್ಟನ್‌ನಲ್ಲಿ ಮೈಲಿ ಎಣಿಸುವ ಕಾರ್ಡಿಗೆ ಹತ್ತನೆಯ ಮುದ್ರೆ ಹಾಕಿಸಿಕೊಂಡು ಇಬ್ಬರೂ ಹಿಂದಿರುಗಿದಾಗ ಸೇಠರು ಕಾರನ್ನು ಅವರ ಪಕ್ಕಕ್ಕೆ ತಂದರು.

"ಸಾಹೇಬ್ರೇ, ಬಿಸಿಲು ಜಾಸ್ತಿ ಆಯ್ತು. ಬನ್ನಿ, ಮನೆಗೆ ಬಿಡ್ತೀನಿ."

"ಥ್ಯಾಂಕ್ಸ್ ಸೇಠಜೀ. ನಿಮ್ಮ ಬ್ರೇಕ್ ಸ್ವಲ್ಪ ಕೀಂಯ್ ಅನ್ನಾಕತ್ತಾವ, ತೋರಸ್ರಿ."

ಹನ್ನೆರಡನೆಯ ಮೈಲಿಯಲ್ಲಿ ಸೇಠರು ತಂಪು ಕೋಲಾ ಕೊಟ್ಟು ನೋಡಿದರು. ರಾಯರು ಕುಡಿದು ನಡೆದರು. ಹದಿಮೂರರಲ್ಲಿ, ಹೃದಯಕ್ಕೆ ಒಳ್ಳೆಯದಲ್ಲ ಎಂದರು. ಹದಿನಾಲ್ಕರಲ್ಲಿ ಕಾರು ನಿಲ್ಲಿಸಿ, ಸ್ಟೀರಿಂಗನ್ನು ನನಗೆ ವಹಿಸಿ, ತಾವೇ ಇಳಿದು ಅವರ ಮುಂದೆ ಹೋಗಿ ಕೈ ಜೋಡಿಸಿದರು. "ಅರೇ ಭಾಯಿ, ಬಸ್ ಕರೋ! ನನ್ನ ಹೆಂಡತಿಗೆ ನಾಲ್ಕು ಕಂಬಳಿ ಅಂತ ಹೇಳಿ ಬಂದಿದೀನಿ."

ರಾಯರು ನಿಲ್ಲುವವರಲ್ಲವಾದ್ದರಿಂದ ಸೇಠರು ಹಿಂದಕ್ಕೆ ನಡೆಯುತ್ತ ಮಾತಾಡಬೇಕಾಯಿತು. ಸ್ವಲ್ಪ ಹೊತ್ತಿಗೆ ತಿರುಗಿ ಜೊತೆಗೆ ನಡೆಯಬೇಕಾಯಿತು. ನಾನು ಮೂರು ಮೈಲಿ ವೇಗದಲ್ಲಿ ಕಾರು ತೆವಳಿಸುತ್ತ ಹಿಂಬಾಲಿಸಿದೆ. ಒಬ್ಬ ಪೊಲೀಸಿನವ ಬಂದು ಗಾಜು ತಟ್ಟಿ, ಕಾರು ಕೆಟ್ಟಿದೆಯಾ ಎಂದು ಕೇಳಿದ. ಮುಂದೆ ಸೇಠರು ವಾಲ್ಟರ್‌ನನ್ನು, ನೀನು ಯಾಕೆ ನಡೆಯುತ್ತಿದ್ದೀಯ ಎಂದು ಕೇಳಿದ್ದು ಕಿವಿಗೆ ಬಿತ್ತು. ವಾಲ್ಟರ್ ಹೇಳಿದ್ದು ನನಗೆ ಕೇಳಿಸಲಿಲ್ಲ. ಸೇಠರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಲ್ಲಿಂದ ಮುಂದೆ ಅವರು ಕಂಬಳಿಯ ಮಾತೆತ್ತಲಿಲ್ಲ. ಕಾರಿನ ಕಡೆಗೂ ತಿರುಗಿ ನೋಡಲಿಲ್ಲ.

ಮೂವರೂ ಮುಟ್ಟಿದಾಗ ಸಂಜೆ ನಾಲ್ಕೂವರೆ. ನೀರಿನ ಮೇಜನ್ನು ಮಡಿಚುತ್ತಿದ್ದರು. ನರ್ಸ್ ಒಬ್ಬಳು ಇಪ್ಪತ್ತನೆಯ ಮುದ್ರೆ ಒತ್ತಿದಳು. ಸೇಠರು ಮೇಜಿನ ಮೇಲೆ ಕೂತು ಬೂಟು ಬಿಚ್ಚಿ, "ಇಪ್ಪತ್ತು ಅವರದು. ನಾನು ಆರು ನಡೆದಿದೀನಿ, ಅದನ್ನೂ ಸೇರಿಸಿ. ಇಪ್ಪತ್ತಾರು ಕಂಬಳಿ," ಎಂದರು.

ಎಲ್ಲರೂ ಹೊರಡುವ ಹೊತ್ತಿಗೆ ವಾಲ್ಟರ್, "ಆ ಮನೆ ಎಲ್ಲಿದೆ?" ಎಂದ. ಎರಡು ಬೀದಿ ಆಚೆಗಿತ್ತು. ಕುಂಟುತ್ತ ಎಲ್ಲರೂ ಹೋದೆವು, ನನ್ನ ಹೆಂಡತಿ, ಮಗಳೂ ಸೇರಿ. ಬಣ್ಣ ಹೋದ ಮನೆ, ಖಾಲಿ ಕಿಟಕಿಗಳು. ವಾಲ್ಟರ್ ಒಳಗೆ ಹೋಗಲಿಲ್ಲ. ಮುಂಬಾಗಿಲ ಮೆಟ್ಟಿಲುಗಳಲ್ಲಿ ನಡುವಿನದು ಕಾಲಿಟ್ಟರೆ ಅಲುಗಾಡುತ್ತಿತ್ತು. ಅದನ್ನು ಒಂದೆರಡು ಸಲ ಕಾಲಿನಿಂದ ಒತ್ತಿ ನೋಡಿ, ಹೋಗಿ ಟ್ರಕ್ ತಂದು, ಹಲಗೆ, ಗರಗಸ, ಸುತ್ತಿಗೆ ಇಳಿಸಿದ. ರಾಯರು ಕೆಳಗೆ ಕೂತು ಮೊಳೆ ಹಿಡಿದು ಕೊಟ್ಟರು. ಅರ್ಧ ಗಂಟೆಯಲ್ಲಿ ಹೊಸ ಮೆಟ್ಟಿಲು ಕೂತಿತು.

ವಾಲ್ಟರ್ ನಮ್ಮ ಮಗಳನ್ನು ನೋಡಿ, "ಗಟ್ಟಿಯಾಗಿದೆಯಾ, ಹತ್ತಿ ನೋಡ್ತೀಯಾ?" ಎಂದ. ಅವಳು ಹತ್ತಿ ನಿಂತಳು. ಅಮ್ಮನ ಮುಖ ನೋಡಿದಳು. ಓಡಬಹುದು, ಕುಣಿಯಬಹುದು ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು, ನನ್ನ ಹೆಂಡತಿ ಇನ್ನೂ ನಂಬಿರಲಿಲ್ಲ. ಮಗು ಮೆಲ್ಲಗೆ ಒಮ್ಮೆ ಜಿಗಿಯಿತು. ನನ್ನ ಹೆಂಡತಿ ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

"ಇನ್ನೂ ಜೋರಾಗಿ ಜಿಗಿಯವ್ವಾ," ಎಂದರು ರಾಯರು.

"ವೈ, ಅಂಕಲ್?"

"ನಾಳೆಯಿಂದ ಭಾಳ ಭಾರ ಹೊತ್ತವರು ಇದನ್ನ ಹತ್ತಾವ್ರಿದ್ದಾರ. ತಡೀತದೋ ಇಲ್ಲೋ ನೋಡಬೇಕಲ್ಲ?"

ಅವಳು ಎರಡೂ ಕಾಲು ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಜಿಗಿದಳು. ಮೆಟ್ಟಿಲು ಅಲುಗಲಿಲ್ಲ.